ಗುಜರಿಯ ತಾಮ್ರ, ಮಗುವಿನ ರಕ್ತದಲ್ಲಿ ಸೀಸ

ಕಳೆದ ಮಳೆಗಾಲದಲ್ಲಿ ಕೊಕ್ಕಡದ ನನ್ನ ಕ್ಲಿನಿಕ್ಕಿಗೆ ತಾಯಿಯೊಬ್ಬರು ಮೂರು ವರ್ಷದ ಮಗನನ್ನು ಕರೆತಂದರು. ಹೊಟ್ಟೆನೋವು, ಮಲಬದ್ಧತೆ, ಊಟ ಬೇಡ, ಸದಾ ಹಠ. ಹುಳದ ಮದ್ದು ಎರಡು ಸಲ ಕೊಟ್ಟಾಗಿತ್ತು. "ಯಾರದೋ ದೃಷ್ಟಿ ತಾಗಿರಬೇಕು ಡಾಕ್ಟ್ರೇ" ಎಂದರು ಜೊತೆಗಿದ್ದ ಅಜ್ಜಿ. ಮಗುವಿನ ತಂದೆಗೆ ಏನು ಕೆಲಸ ಎಂದು ಕೇಳಿದೆ. ಗುಜರಿ ವ್ಯಾಪಾರ. ಹಳೆಯ ಟಿ.ವಿ., ಮೊಬೈಲ್, ಬ್ಯಾಟರಿಗಳನ್ನು ತಂದು ಮನೆಯ ಹಿಂದೆ ಬಿಚ್ಚುತ್ತಾರೆ, ವಯರು ಸುಟ್ಟು ತಾಮ್ರ ತೆಗೆಯುತ್ತಾರೆ. ಮಗು ಅಲ್ಲೇ ಆಡುತ್ತದೆ.

ಮಂಗಳೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಒಂದು ಡೆಸಿಲೀಟರಿಗೆ 18 ಮೈಕ್ರೋಗ್ರಾಂ ಸೀಸ ಇತ್ತು. 5 ಮುಟ್ಟಿದರೇ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟಿದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಸೀಸಕ್ಕಿಲ್ಲ.

ಹಳೆಯ ದಪ್ಪ ಟಿ.ವಿ.ಯ ಗಾಜಿನಲ್ಲಿ, ಸರ್ಕ್ಯೂಟ್ ಬೋರ್ಡಿನ ಬೆಸುಗೆಯಲ್ಲಿ ಸೀಸವಿದೆ. ಕೆಲವು ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ, ಸಿ.ಎಫ್.ಎಲ್. ಬಲ್ಬಿನಲ್ಲಿ ಪಾದರಸ. ವಯರಿನ ಪ್ಲಾಸ್ಟಿಕ್ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ತಂದೆಯ ಅಂಗಿಗೆ ಅಂಟಿದ ಧೂಳು ಚಾಪೆಗೆ, ಚಾಪೆಯಿಂದ ಮಗುವಿನ ಬಾಯಿಗೆ ಹೋಗುತ್ತದೆ. ನುಂಗಿದ ಸೀಸವನ್ನು ಮಕ್ಕಳ ಹೊಟ್ಟೆ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮೆದುಳಿಗೆ ಆದ ಹಾನಿ ವಾಪಸಾಗುವುದಿಲ್ಲ. ಎಲುಬಿನಲ್ಲಿ ಅದು ದಶಕಗಳ ಕಾಲ ಅಡಗಿರುತ್ತದೆ. ಹೆಣ್ಣುಮಗು ಬೆಳೆದು ಬಸಿರಾದಾಗ ಅಲ್ಲಿಂದ ಹೊರಟು ಹೊಟ್ಟೆಯ ಕೂಸನ್ನು ಸೇರಬಹುದು.

ಈ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಮೇಲೆ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಏನಾಯಿತೆಂದು ಕಂಡಿದ್ದೇವೆ. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಅದು ಆಕಾಶದಿಂದ ಬಿದ್ದ ವಿಷ, ಇದನ್ನು ನಾವೇ ಅಂಗಳದಲ್ಲಿ ಉರಿಸುತ್ತಿದ್ದೇವೆ.

"ಸೀಸ ಇಳಿಯಲು ಯುನಾನಿ ಕಷಾಯ ಕೊಡಿ" ಎಂದರು ತಂದೆ. ಅಂಥದ್ದು ನನ್ನಲ್ಲಿಲ್ಲ. ಯಾರಾದರೂ ಕೊಡುತ್ತೇನೆಂದರೆ ನಂಬಬೇಡಿ. ಸರಿಯಾಗಿ ತಯಾರಾಗದ ಕುಶ್ತಾದಲ್ಲೇ ಸೀಸ ಇರಬಹುದು. ನಮ್ಮ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳುತ್ತಾರೆ, ಮೊದಲನೆಯದು ಗಾಳಿ. ಹಾಗಾಗಿ ಮೊದಲು ಬೆಂಕಿ ಆರಿಸಲು ಹೇಳಿದೆ. ಮಗುವನ್ನು ಮಂಗಳೂರಿನ ಮಕ್ಕಳ ತಜ್ಞರ ಬಳಿಗೆ ಕಳಿಸಿದೆ. ರಕ್ತಹೀನತೆಯೂ ಇತ್ತು, ಕಬ್ಬಿಣಾಂಶ ಕಡಿಮೆಯಿದ್ದರೆ ದೇಹ ಸೀಸವನ್ನು ಇನ್ನಷ್ಟು ಹೀರುತ್ತದೆ.

ಗುಜರಿ ಬಿಡಿ ಎಂದು ನಾನು ಹೇಳಲಿಲ್ಲ. ನಮ್ಮವರ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದ. ಕೆಲಸವನ್ನು ಮನೆಯಿಂದ ದೂರದ ಶೆಡ್ಡಿಗೆ ಸಾಗಿಸಿ. ಬಟ್ಟೆ ಅಲ್ಲೇ ಬದಲಿಸಿ, ಕೈ ಮುಖ ಸೋಪಿನಲ್ಲಿ ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ. ಆ ಬಟ್ಟೆಯನ್ನು ಬೇರೆ ಒಗೆಯಿರಿ. ಗುಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬೋರ್ಡು, ಬ್ಯಾಟರಿ ಒಡೆಯದೆ ಪರವಾನಗಿ ಇರುವವರಿಗೆ ಮಾರಿ. ದಾಬಸ್‌ಪೇಟೆಯಲ್ಲಿ 2005ರಿಂದಲೇ ಇ-ಪರಿಸರ ಎಂಬ ಅಧಿಕೃತ ಘಟಕವಿದೆ.

ಮೂರು ತಿಂಗಳ ನಂತರ ಆ ಮಗುವಿನ ಸೀಸ 11ಕ್ಕೆ ಇಳಿದಿತ್ತು. ಮತ್ತೆ ಪರೀಕ್ಷೆ ಆಗಬೇಕಿದೆ. ತಂದೆ ಈಗ ವಯರನ್ನು ಕತ್ತಿಯಿಂದ ಸಿಗಿಯುತ್ತಾರೆ. ಹೊತ್ತು ಹಿಡಿಯುತ್ತದಂತೆ, ಆದರೆ ಸುಟ್ಟ ತಾಮ್ರಕ್ಕಿಂತ ಹೊಳೆಯುವ ತಾಮ್ರಕ್ಕೆ ಕಿಲೋಗೆ ರೇಟು ಜಾಸ್ತಿ.