56 ಕುಣಿಕೆಗಳ ಟೋಪಿ

ನೀವು ಇದನ್ನು ಓದುವಾಗ ಟೀ ಶರ್ಟ್ ಹಾಕ್ಕೊಂಡಿದ್ರೆ, ಒಂದು ಸಲ ಅದರ ಬಟ್ಟೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ. ಇಂಗ್ಲಿಷಿನ ‘ವಿ’ ಅಕ್ಷರವನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಸಣ್ಣ ಸಣ್ಣ ಕುಣಿಕೆಗಳು ಕಾಣುತ್ತವೆ. ಅದೇ ಹೆಣಿಗೆ, ಅಂದ್ರೆ ನಿಟ್ಟಿಂಗ್. ತಿರುಪ್ಪೂರಿನ ಕಾರ್ಖಾನೆಗಳಲ್ಲಿ ಮೆಷಿನ್ ಮಾಡುವ ಕೆಲಸವನ್ನೇ ನಮ್ಮ ಅಜ್ಜಿಯಂದಿರು ಎರಡು ಕಡ್ಡಿ, ಒಂದು ಉಲ್ಲನ್ ಉಂಡೆ ಹಿಡಿದು ಮಾಡ್ತಾ ಇದ್ರು.

ನಮ್ಮ ಕಾಲೇಜಿನಲ್ಲಿ ನಾವು ಆರು ಜನ ಒಂದು ವರ್ಷದಿಂದ ಹೆಣೀತಾ ಇದ್ದೀವಿ. ನಾಲ್ವರು ಹುಡುಗಿಯರು, ಇಬ್ಬರು ಹುಡುಗರು. ಮೆಕ್ಯಾನಿಕಲ್, ಇ.ಸಿ., ಸಿವಿಲ್, ಎಲ್ಲ ಬ್ರಾಂಚಿನವರೂ ಇದ್ದೀವಿ. ಈ ಸೆಮಿಸ್ಟರ್‌ನಲ್ಲಿ ನಾವು ಹೆಣೆದಿದ್ದರಲ್ಲಿ ಹೆಚ್ಚಿನವು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಟೋಪಿಗಳು. ‘ಅಷ್ಟು ಚಿಕ್ಕ ಟೋಪಿಗೆ ಎಂಜಿನಿಯರಿಂಗ್ ಏನ್ರೋ ಬೇಕು’ ಅಂತ ಹಾಸ್ಟೆಲ್‌ನಲ್ಲಿ ತುಂಬ ಜನ ಕೇಳಿದ್ರು. ಅವರಿಗೋಸ್ಕರ ಈ ಲೇಖನ.

ಒಂದೇ ದಾರ, ಸಾವಿರ ಕುಣಿಕೆ

ನೇಯ್ಗೆಗೂ ಹೆಣಿಗೆಗೂ ಇರೋ ವ್ಯತ್ಯಾಸ ಮೊದಲು ಗೊತ್ತಿರಬೇಕು. ಮಗ್ಗದಲ್ಲಿ ಹಾಸು ಮತ್ತು ಹೊಕ್ಕು ಅಂತ ಎರಡು ಗುಂಪು ದಾರಗಳಿರುತ್ತವೆ, ಎರಡೂ ಹೆಚ್ಚುಕಡಿಮೆ ನೇರವಾಗಿರುತ್ತವೆ. ಅದಕ್ಕೇ ಫಾರ್ಮಲ್ ಶರ್ಟಿನ ಬಟ್ಟೆಯನ್ನು ದಾರದ ಗುಂಟ ಎಳೆದರೆ ಅಷ್ಟಾಗಿ ಹಿಗ್ಗೋದಿಲ್ಲ. ಹೆಣಿಗೆಯಲ್ಲಿ ಇರೋದು ಒಂದೇ ದಾರ. ಅದನ್ನು ಬಗ್ಗಿಸಿ ಕುಣಿಕೆ ಮಾಡಿ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆದುಕೊಳ್ತಾ ಹೋಗ್ತೀವಿ. ಬಟ್ಟೆಯನ್ನು ಎಳೆದಾಗ ದಾರ ಉದ್ದ ಆಗೋದಿಲ್ಲ, ಕುಣಿಕೆಯ ಆಕಾರ ಬದಲಾಗುತ್ತೆ. ಬಿಟ್ಟ ತಕ್ಷಣ ಹಳೇ ಆಕಾರಕ್ಕೆ ವಾಪಸ್ ಬರುತ್ತೆ. ಹಿಗ್ಗದ ದಾರದಿಂದ ಹಿಗ್ಗುವ ಬಟ್ಟೆ ಬರೋದು ಹೀಗೆ.

ಹೆಣಿಗೆಯಲ್ಲಿ ಮೂಲವಾಗಿ ಇರೋದು ಎರಡೇ ಹೆಜ್ಜೆ: ಸೀದಾ ಮತ್ತು ಉಲ್ಟಾ. ಸೀದಾ ಕುಣಿಕೆಯನ್ನು ಹಿಂದಿನಿಂದ ನೋಡಿದ್ರೆ ಅದೇ ಉಲ್ಟಾ. ಸೊನ್ನೆ ಮತ್ತು ಒಂದು ಇದ್ದ ಹಾಗೆ. ಬರೀ ಸೀದಾ ಮುಖ ಒಂದೇ ಕಡೆ ಬರುವ ಹಾಗೆ ಹೆಣೆದರೆ ಬಟ್ಟೆಯ ಅಂಚು ಸುರುಳಿ ಸುತ್ತಿಕೊಳ್ಳುತ್ತೆ. ಎರಡು ಸೀದಾ ಎರಡು ಉಲ್ಟಾ ಅಂತ ಹಾಕಿದ್ರೆ ಸೀದಾ ಸಾಲುಗಳು ಮುಂದೆ ಬಂದು, ಉಲ್ಟಾ ಸಾಲುಗಳು ಹಿಂದೆ ಸರಿದು, ಬಟ್ಟೆ ಹಾರ್ಮೋನಿಯಂ ತಿದಿ ಥರ ಮಡಿಚಿಕೊಳ್ಳುತ್ತೆ. ಸ್ವೆಟರ್ ತೋಳಿನ ತುದಿ, ಟೋಪಿಯ ಅಂಚು ಬಿಗಿಯಾಗಿ ಕೂರೋದು ಇದರಿಂದಲೇ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಎಲಿಸಬೆಟ್ಟಾ ಮಟ್ಸುಮೋಟೊ ಎಂಬ ಭೌತವಿಜ್ಞಾನಿ ಇದನ್ನೇ ಸಂಶೋಧನೆಯ ವಿಷಯವಾಗಿ ತಗೊಂಡಿದ್ದಾರೆ. ಅದೇ ದಾರ, ಕುಣಿಕೆಯ ಜೋಡಣೆ ಮಾತ್ರ ಬೇರೆ ಆದಾಗ ಬಟ್ಟೆಯ ಗುಣ ಹೇಗೆ ಬದಲಾಗುತ್ತದೆ ಅನ್ನೋದು ಅವರ ಪ್ರಶ್ನೆ.

ಮಿಸ್ ಮನೆಯ ಗುರುವಾರ

ನಮಗೆ ಕಲಿಸಿದವರು ಕಾಲೇಜಿನ ಹಿಂದಿನ ರಸ್ತೆಯಲ್ಲಿರುವ ರಿಟೈರ್ಡ್ ಟೀಚರ್. ನಾವು ‘ಮಿಸ್’ ಅಂತಲೇ ಕರೆಯೋದು. ಗುರುವಾರ ಸಂಜೆ ಲ್ಯಾಬ್ ಮುಗಿಸಿಕೊಂಡು ಅವರ ಮನೆ ಜಗಲಿಗೆ ಹೋಗ್ತೀವಿ. ‘ಬನ್ರೋ, ಮೊದಲು ಕೈ ತೊಳ್ಕೊಳ್ಳಿ, ಉಲ್ಲನ್ ಕೊಳೆ ಆಗುತ್ತೆ’ ಅನ್ನೋದೇ ಅಲ್ಲಿನ ಪ್ರಾರ್ಥನೆ.

ಮಿಸ್ ಕಡ್ಡಿಯಲ್ಲಿ ಯಾವಾಗಲೂ ಎರಡು ಮೂರು ಕೆಲಸ ಇರುತ್ತೆ. ಈ ವರ್ಷ ಅವರು ಮುಗಿಸಿದ್ದು ನಮ್ಮ ಗೇಟಿನ ಸೆಕ್ಯುರಿಟಿ ಅಂಕಲ್‌ಗೆ ಒಂದು ಮಂಕಿ ಕ್ಯಾಪ್, ಹಾಸನದಲ್ಲಿರುವ ಹಳೇ ಸಹೋದ್ಯೋಗಿಗೆ ಒಂದು ಶಾಲು. ಈಗ ನಡೀತಾ ಇರೋದು ಒಂದು ಹೊದಿಕೆ. ಅದಕ್ಕೆ ಉಲ್ಲನ್ ಅಂಗಡಿಯಿಂದ ಬಂದಿಲ್ಲ. ತೀರಿಹೋದ ಯಜಮಾನರ ಸ್ವೆಟರನ್ನು ಮಿಸ್ ತಾವೇ ಬಿಚ್ಚಿದರು. ಬಿಚ್ಚಿದ ಉಲ್ಲನ್ ನೂಡಲ್ಸ್ ಥರ ಸುರುಳಿ ಸುರುಳಿಯಾಗಿರುತ್ತೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನೀರಲ್ಲಿ ನೆನೆಸಿ, ತುದಿಗೆ ಸ್ವಲ್ಪ ಭಾರ ಕಟ್ಟಿ ನೇತುಹಾಕಿದರೆ ನೆಟ್ಟಗಾಗುತ್ತೆ. ಕತ್ತರಿಸಿ ಹೊಲಿದ ಬಟ್ಟೆಯನ್ನು ಮತ್ತೆ ಥಾನ್ ಮಾಡೋಕಾಗಲ್ಲ. ಹೆಣೆದಿದ್ದನ್ನು ಮಾತ್ರ ಪೂರ್ತಿ ಬಿಚ್ಚಿ ಮತ್ತೆ ಉಂಡೆ ಮಾಡಬಹುದು. ಲಡಿ ಸುತ್ತುವಾಗ ದಾರ ಹಿಡಿದುಕೊಳ್ಳೋ ಕೆಲಸ ನಮ್ಮದಾಗಿತ್ತು. ಆ ಸಂಜೆ ಮಿಸ್ ಜಾಸ್ತಿ ಮಾತಾಡಲಿಲ್ಲ, ನಾವೂ ಕೇಳಲಿಲ್ಲ. ಹೊದಿಕೆ ಯಾರಿಗೆ ಅಂತ ಆಮೇಲೆ ಅವರೇ ಹೇಳಿದ್ರು: ಊರಿನ ವೃದ್ಧಾಶ್ರಮದಲ್ಲಿರುವ ಒಬ್ಬ ಅಜ್ಜನಿಗೆ.

ನಮ್ಮ ಗುಂಪಿನಲ್ಲಿ ಬೀದರಿನವನು ಒಬ್ಬ ಇದ್ದಾನೆ, ಪುತ್ತೂರಿನವಳು ಒಬ್ಬಳು ಇದ್ದಾಳೆ. ಫಸ್ಟ್ ಇಯರ್‌ನಲ್ಲಿ ಇವರಿಬ್ಬರಿಗೂ ಒಬ್ಬರ ಕನ್ನಡ ಒಬ್ಬರಿಗೆ ಅರ್ಥ ಆಗದೆ ಇಂಗ್ಲಿಷ್‌ನಲ್ಲೇ ಮಾತಾಡ್ತಿದ್ರು. ಕೈಗೆ ಕೆಲಸ ಇದ್ದಾಗ ಮಾತು ನಿಧಾನ ಆಗುತ್ತೆ. ಸುಮ್ಮನೆ ಕೂತರೂ ಯಾರಿಗೂ ಮುಜುಗರ ಆಗಲ್ಲ. ಮಗುವಿನ ಟೋಪಿಗೆ ಕುಲಾವಿ ಅನ್ನಬೇಕೋ ಕುಂಚಿಗೆ ಅನ್ನಬೇಕೋ ಅಂತ ಈ ಇಬ್ಬರು ಒಂದು ಸಂಜೆ ಪೂರ್ತಿ ಜಗಳ ಆಡಿದ್ರು, ಕನ್ನಡದಲ್ಲೇ. ಕೊನೆಗೆ ಮಿಸ್ ತೀರ್ಪು ಕೊಟ್ಟರು: ಬೆನ್ನಿನವರೆಗೂ ಬಟ್ಟೆ ಇಳಿಬಿದ್ದರೆ ಕುಂಚಿಗೆ, ಬರೀ ತಲೆ ಮುಚ್ಚಿದ್ರೆ ಕುಲಾವಿ.

ಟೋಪಿ ಯಾಕೆ ಮುಖ್ಯ?

ಟೋಪಿಯ ಕೆಲಸ ಶುರುವಾಗಿದ್ದು ಕಳೆದ ನವೆಂಬರಿನಲ್ಲಿ. ನಮ್ಮಲ್ಲೊಬ್ಬಳ ಅಕ್ಕನಿಗೆ 32ನೇ ವಾರಕ್ಕೇ ಹೆರಿಗೆ ಆಯ್ತು. ಮಗುವಿನ ತೂಕ ಒಂದೂವರೆ ಕಿಲೋ. ನೋಡೋಕೆ ಬಂದ ನೆಂಟರೆಲ್ಲ ಪ್ರೀತಿಯಿಂದ ಸ್ವೆಟರ್, ಕುಲಾವಿ ತಂದಿದ್ರು. ಎಲ್ಲವೂ ತುಂಬು ತಿಂಗಳ ಮಗುವಿನ ಅಳತೆಯವು. ಹಾಕಿದ್ರೆ ಟೋಪಿ ಮೂಗಿನ ಮೇಲೆ ಜಾರುತ್ತಿತ್ತು. ಕೊನೆಗೆ ವಾರ್ಡಿನ ಸಿಸ್ಟರ್ ಒಂದು ಮೆತ್ತನೆ ಹತ್ತಿ ಬಟ್ಟೆಯನ್ನು ಮಡಿಚಿ ತಲೆಗೆ ಸುತ್ತಿದ್ದರಂತೆ.

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಮಗು ಅಂತಾರೆ. ನವಜಾತ ಶಿಶುವಿನ ಮೈ ಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಅದಕ್ಕಿಂತ ಕೆಳಗೆ ಇಳಿದರೆ ಅಪಾಯ. ಥರ್ಮೋಡೈನಾಮಿಕ್ಸ್ ಓದಿದವರಿಗೆ ಕಾರಣ ಸುಲಭ. ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಜಾಸ್ತಿ, ಶಾಖ ಕಳೆದುಕೊಳ್ಳೋದೂ ಬೇಗ. ಸುಟ್ಟ ಗಾಯದ ಲೆಕ್ಕಕ್ಕೆ ಡಾಕ್ಟರುಗಳು ಬಳಸುವ ಕೋಷ್ಟಕದಲ್ಲಿ ದೊಡ್ಡವರ ತಲೆಗೆ ಮೈಯ 9 ಶೇಕಡಾ ಅಂತ ಇದ್ದರೆ, ಶಿಶುವಿನ ತಲೆಗೆ 18 ಶೇಕಡಾ. ಅಂದ್ರೆ ಎರಡು ಪಟ್ಟು. ಜೊತೆಗೆ ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳೋದು ಆ ಮಗುವಿಗೆ ಬರೋದಿಲ್ಲ. ಒಂದು ಬಗೆಯ ಕಂದು ಕೊಬ್ಬನ್ನು ಉರಿಸಿ ಬಿಸಿ ಮಾಡಿಕೊಳ್ಳಬೇಕು. ಬೇಗ ಹುಟ್ಟಿದ ಮಗುವಿನಲ್ಲಿ ಆ ಕೊಬ್ಬೂ ಕಡಿಮೆ.

ಇದಕ್ಕೆ ಇರುವ ಒಂದು ಒಳ್ಳೆಯ ದಾರಿ ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು ಇದನ್ನು ಶುರು ಮಾಡಿದರು. ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳೋದು. ತಾಯಿಯ ಮೈಯೇ ಹೀಟರ್. ಆಗ ಮಗುವಿನ ಮೈಮೇಲೆ ಡಯಾಪರ್, ಕಾಲ್ಚೀಲ ಬಿಟ್ಟರೆ ಇರೋದು ಒಂದು ಟೋಪಿ. ಅದು ಸರಿಯಾಗಿ ಕೂರಬೇಕು, ಸಡಿಲ ಆಗಬಾರದು, ಹಣೆ ಒತ್ತಲೂಬಾರದು.

ಅಳತೆಯ ಲೆಕ್ಕ

ಅವಳು ಸಿಸ್ಟರ್ ಹತ್ರ ನೇರವಾಗಿ ಕೇಳಿದಳು: ‘ಅಳತೆ ಹೇಳಿ ಸಿಸ್ಟರ್, ನಾವು ಹೆಣೆದು ತಂದುಕೊಡ್ತೀವಿ.’ ಸಿಸ್ಟರ್ ಟೇಪ್ ಹಿಡಿದು ಹೇಳಿದ ಅಳತೆಗಳೇ ನಮ್ಮ ಸಿಲಬಸ್ ಆಯ್ತು.

ತುಂಬು ತಿಂಗಳ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. 32 ವಾರದ ಮಗುವಿಗೆ ಸುಮಾರು 29. ಟೋಪಿ ಹಿಗ್ಗಿ ಕೂರಬೇಕಾದ್ದರಿಂದ ತಲೆಗಿಂತ ಶೇಕಡಾ 10ರಷ್ಟು ಚಿಕ್ಕದಾಗಿ ಹೆಣೀತೀವಿ. 29ಕ್ಕೆ 10 ಶೇಕಡಾ ಕಳೆದರೆ 26.1 ಸೆಂ.ಮೀ.

ಈಗ ಸೆಂಟಿಮೀಟರನ್ನು ಕುಣಿಕೆಗೆ ಬದಲಾಯಿಸಬೇಕು. ಅದಕ್ಕೆ ಮೊದಲು ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಸ್ಯಾಂಪಲ್ ಹೆಣೆದು, ಒಗೆದು, ಒಣಗಿಸಿ, 10 ಸೆಂ.ಮೀ. ಅಗಲದಲ್ಲಿ ಎಷ್ಟು ಕುಣಿಕೆ ಇವೆ ಅಂತ ಎಣಿಸಬೇಕು. ಮಧ್ಯಮ ದಪ್ಪದ ಉಲ್ಲನ್, 4 ಮಿ.ಮೀ. ಕಡ್ಡಿಯಲ್ಲಿ ನಮಗೆ 22 ಕುಣಿಕೆ ಬರುತ್ತೆ, ಅಂದ್ರೆ ಸೆಂಟಿಮೀಟರಿಗೆ 2.2. 26.1ನ್ನು 2.2ರಿಂದ ಗುಣಿಸಿದರೆ 57.4. ಎರಡು ಸೀದಾ ಎರಡು ಉಲ್ಟಾ ಅಂಚು ಬೇಕಾದ್ದರಿಂದ ಸಂಖ್ಯೆ 4ರಿಂದ ಭಾಗ ಆಗಬೇಕು. ಹಾಗಾಗಿ 56. ತುಂಬು ತಿಂಗಳ ಮಗುವಿಗೆ ಇದೇ ಲೆಕ್ಕ ಮಾಡಿದ್ರೆ 68.

ಪ್ರತಿಯೊಬ್ಬರ ಕೈ ಬಿಗಿ ಬೇರೆ ಬೇರೆ. ಅದೇ ಉಲ್ಲನ್, ಅದೇ ಕಡ್ಡಿ ಇದ್ದರೂ ಸಡಿಲ ಕೈಯವರಿಗೆ 10 ಸೆಂ.ಮೀ.ಗೆ 20 ಕುಣಿಕೆ ಬರಬಹುದು. ಆಗ 68 ಕುಣಿಕೆಯ ಟೋಪಿ 31 ಸೆಂ.ಮೀ. ಆಗುವ ಬದಲು 34 ಆಗುತ್ತೆ. ಮೂರು ಸೆಂಟಿಮೀಟರ್ ನಮಗೆ ಏನೂ ಅಲ್ಲ. ಅಷ್ಟು ಚಿಕ್ಕ ಮಗುವಿಗೆ ಟೋಪಿ ಕಣ್ಣು ಮೂಗಿನ ಮೇಲೆ ಜಾರೋಕೆ ಅಷ್ಟು ಸಾಕು. ಅದಕ್ಕೇ ಸ್ಯಾಂಪಲ್ ಹೆಣೆಯದೆ ಮಿಸ್ ಯಾರಿಗೂ ಟೋಪಿ ಶುರು ಮಾಡೋಕೆ ಬಿಡಲ್ಲ.

ಯಾವ ಉಲ್ಲನ್?

ಅಂಗಡಿಯಲ್ಲಿ ‘ಉಲ್ಲನ್’ ಅಂತ ಸಿಗೋದರಲ್ಲಿ ಬಹುಪಾಲು ಅಕ್ರಿಲಿಕ್. ನಿಜವಾದ ಕುರಿ ಉಣ್ಣೆ ಬೆಚ್ಚಗಿರುತ್ತೆ, ಆದರೆ ಅದರ ಎಳೆಯ ಮೇಲೆ ಹುರುಪೆಯಂಥ ಪದರ ಇರುತ್ತದೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಆ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಕಂಬಳಿ ಥರ ಗಟ್ಟಿಯಾಗುತ್ತೆ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯೋದೇ ಬಿಸಿನೀರಲ್ಲಿ. ಅಕ್ರಿಲಿಕ್ ತುಂಬ ಬಿಸಿ ತಾಗಿದರೆ ಜೋಲು ಬೀಳುತ್ತೆ. ಹಾಗಾಗಿ ಸಿಸ್ಟರ್ ಮೃದುವಾದ ಹತ್ತಿ ದಾರ ಕೇಳಿದರು.

ಅವರು ಬೇಡ ಅಂದಿದ್ದರ ಪಟ್ಟಿ ಇನ್ನೂ ಉದ್ದ ಇತ್ತು. ಗುಂಡಿ ಬೇಡ, ರಿಬ್ಬನ್ ಬೇಡ, ಮೇಲೆ ಗೊಂಡೆ ಬೇಡ, ನಯ ಕೂದಲು ಉದುರುವ ಉಲ್ಲನ್ ಬೇಡ, ಜಾಲರಿ ಡಿಸೈನ್ ಬೇಡ. ಒಳಗೆ ದಾರದ ತುದಿ ಬಿಡಬಾರದು. ಸಡಿಲವಾದ ಎಳೆ ಮಗುವಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಹರಿಯೋದು ನಿಲ್ಲಬಹುದು. ಇನ್ನೊಂದು ಮಾತನ್ನೂ ಹೇಳಿದರು: ಶಾಖ ಹೋಗುವ ದಾರಿಯೂ ತಲೆಯೇ ಆದ್ದರಿಂದ, ಮನೆಗೆ ಹೋದ ಮೇಲೆ ಮಲಗಿರುವ ಮಗುವಿಗೆ ಹೊತ್ತೂ ಹೊತ್ತೂ ಟೋಪಿ ಹಾಕಿಟ್ಟರೆ ಮೈ ಅತಿಯಾಗಿ ಬಿಸಿಯಾಗಬಹುದು. ಯಾವಾಗ ಹಾಕಬೇಕು, ಯಾವಾಗ ತೆಗೀಬೇಕು ಅಂತ ಡಾಕ್ಟರನ್ನೇ ಕೇಳಬೇಕು.

ಬೇರೆ ಕಡೆ ಏನು ಮಾಡ್ತಾರೆ?

ಹೆಣೆದು ದಾನ ಮಾಡುವ ಅಭ್ಯಾಸ ಪ್ರಪಂಚದ ತುಂಬ ಇದೆ. ಆಸ್ಟ್ರೇಲಿಯಾದ ಫಿಲಿಪ್ ದ್ವೀಪದ ಹತ್ತಿರ 2001ರಲ್ಲಿ ತೈಲ ಸೋರಿ 438 ಪುಟ್ಟ ಪೆಂಗ್ವಿನ್‌ಗಳ ಮೈಗೆ ಎಣ್ಣೆ ಮೆತ್ತಿಕೊಂಡಿತು. ಕೊಕ್ಕಿನಿಂದ ಗರಿ ತಿದ್ದಿಕೊಳ್ಳುವಾಗ ಅವು ಆ ವಿಷವನ್ನು ನುಂಗದಿರಲಿ ಅಂತ, ತೊಳೆಯುವವರೆಗೂ ಅವಕ್ಕೆ ಕೈಯಲ್ಲಿ ಹೆಣೆದ ಸ್ವೆಟರ್ ಹಾಕುತ್ತಿದ್ದರು. ಈ ಸುದ್ದಿ ಹಬ್ಬಿ ಪ್ರಪಂಚದ ಎಲ್ಲ ಕಡೆಯಿಂದ ಎಷ್ಟು ಸ್ವೆಟರ್ ಬಂತು ಅಂದ್ರೆ, ಸಾಕು ಕಳಿಸಬೇಡಿ ಅನ್ನಬೇಕಾಯ್ತು. ಹೆಚ್ಚಾದವನ್ನು ಆಟಿಕೆ ಪೆಂಗ್ವಿನ್‌ಗಳಿಗೆ ತೊಡಿಸಿ ಮಾರಿ, ಆ ಹಣವನ್ನು ರಕ್ಷಣೆಯ ಕೆಲಸಕ್ಕೆ ಬಳಸಿದರು.

2013ರಲ್ಲಿ ಡೆನ್ಮಾರ್ಕಿನಲ್ಲಿ ಅವಧಿಪೂರ್ವ ಮಕ್ಕಳಿಗೆ ಕ್ರೋಶೆಯ ಪುಟ್ಟ ಆಕ್ಟೋಪಸ್ ಕೊಡೋದು ಶುರುವಾಯ್ತು. ಮಗು ಟ್ಯೂಬ್ ಎಳೆಯುವ ಬದಲು ಅದರ ಕಾಲು ಹಿಡಿದುಕೊಳ್ಳಲಿ ಅಂತ. ಅಲ್ಲೂ ನಿಯಮ ಬಿಗಿ: ದಾರ ಪೂರ್ತಿ ಹತ್ತಿಯದ್ದೇ ಇರಬೇಕು, ಕಾಲಿನ ಉದ್ದ 22 ಸೆಂ.ಮೀ. ಮೀರಬಾರದು. ನಮ್ಮ ಪಕ್ಕದ ಚೆನ್ನೈನಲ್ಲಿ 2016ರ ಜನವರಿ 31ರಂದು ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಗುಂಪಿನವರು 11,148.5 ಚದರ ಮೀಟರಿನ ಕ್ರೋಶೆ ಹೊದಿಕೆ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಆಮೇಲೆ ಅದನ್ನು ಬಿಡಿಸಿ ಅಗತ್ಯ ಇದ್ದವರಿಗೆ ಹೊದಿಕೆಗಳಾಗಿ ಹಂಚಿದರು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರಿಗೆ ಹಗುರವಾದ ಹತ್ತಿ ದಾರದ ಕೃತಕ ಸ್ತನ ಹೆಣೆದು ಉಚಿತವಾಗಿ ಕೊಡುವ ಸ್ವಯಂಸೇವಕರು ನಮ್ಮ ದೇಶದಲ್ಲೂ ಇದ್ದಾರೆ.

ಕೇಳಿ, ಆಮೇಲೆ ಹೆಣೆಯಿರಿ

ದಾನ ಅಂದಾಗ ನಮ್ಮಲ್ಲಿರೋದನ್ನು ಕೊಟ್ಟುಬಿಡೋದು ಸುಲಭ. ಪ್ರವಾಹ ಬಂದಾಗ ಪರಿಹಾರ ಕೇಂದ್ರಗಳಲ್ಲಿ ಯಾರಿಗೂ ಆಗದ ಹಳೇ ಬಟ್ಟೆಗಳ ರಾಶಿ ಬೀಳೋದನ್ನು ನಾವೆಲ್ಲ ನೋಡಿದ್ದೀವಿ. ಕೈಯಿಂದ ಮಾಡಿದ್ದಾದರೂ ಅಷ್ಟೇ. ಎಷ್ಟೇ ಪ್ರೀತಿ ಇಟ್ಟು ಹೆಣೆದಿದ್ದರೂ ಅಳತೆ ತಪ್ಪಿದರೆ ಅದು ಕಪಾಟಿಗೆ ಹೋಗುತ್ತೆ. ಮೊದಲು ಫೋನ್ ಮಾಡಿ, ಏನು ಬೇಕು, ಎಷ್ಟು ಬೇಕು, ಹೇಗೆ ಒಗೀತೀರ ಅಂತ ಕೇಳಬೇಕು. ‘ಈಗ ಬೇಡ’ ಅಂದ್ರೆ ಬೇಸರ ಮಾಡ್ಕೊಳ್ಳದೆ ಕಾಯಬೇಕು.

ಈ ಸೆಮಿಸ್ಟರ್‌ನಲ್ಲಿ ನಾವು ಕೊಟ್ಟಿದ್ದು 24 ಟೋಪಿ. ಒಬ್ಬರಿಗೆ ಒಂದು ಟೋಪಿಗೆ ಎರಡು ಸಂಜೆ ಬೇಕು. ಪ್ರತಿಯೊಂದನ್ನೂ ಒಗೆದು, ಅಳತೆ ಬರೆದ ಚೀಟಿಯೊಂದಿಗೆ ಬೇರೆ ಬೇರೆ ಕವರಿನಲ್ಲಿ ಹಾಕಿ ಕೊಟ್ಟೆವು. ಸಿಸ್ಟರ್ ಮುಂದಿನ ಸಲಕ್ಕೆ ಇನ್ನೂ ಚಿಕ್ಕ ಅಳತೆ ಕೇಳಿದ್ದಾರೆ, 28 ವಾರದ ಮಕ್ಕಳಿಗೆ, 26 ಸೆಂ.ಮೀ. ತಲೆಗೆ. ಲೆಕ್ಕ ನೀವೇ ಮಾಡಿ ನೋಡಿ, 52 ಬರಬೇಕು. ನವೆಂಬರಿನಲ್ಲಿ ಹುಟ್ಟಿದ ಆ ಮಗು ಈಗ ಮನೆಯಲ್ಲಿದೆ. ನಾವು ಹೆಣೆದ 56 ಕುಣಿಕೆಯ ಟೋಪಿ ಅವಳಿಗೆ ಹಿಡಿಸೋದಿಲ್ಲ, ಅಷ್ಟು ಬೆಳೆದಿದ್ದಾಳೆ.

ಕಲಿಯೋ ಆಸೆ ಇದ್ದವರು 4 ಮಿ.ಮೀ. ಕಡ್ಡಿ ಒಂದು ಜೊತೆ, ತಿಳಿ ಬಣ್ಣದ ಒಂದು ಉಂಡೆ ತಗೊಳ್ಳಿ. ಕಪ್ಪು ಬೇಡ, ಕುಣಿಕೆ ಕಾಣೋದಿಲ್ಲ. ಗುರುವಾರ ಸಂಜೆ ಐದೂವರೆಗೆ ಕಾಲೇಜಿನ ಹಿಂದಿನ ಗೇಟಿನ ಹತ್ರ ಬನ್ನಿ, ಒಟ್ಟಿಗೆ ಹೋಗೋಣ. ಕೈ ಮಾತ್ರ ತೊಳ್ಕೊಂಡು ಬನ್ನಿ.