ವಸ್ತ್ರವಿನ್ಯಾಸವೂ ಒಂದು ವಿದ್ಯೆ

ಶರಣಸಂಕುಲದಲ್ಲಿ ವಸ್ತ್ರದ ಕಾಯಕ ಮಾಡಿದವರ ಒಂದು ಸಾಲೇ ಇದೆ. ಬಸವಣ್ಣನವರಿಗಿಂತ ಹಿರಿಯರೆಂದು ಪರಂಪರೆ ಗೌರವಿಸುವ ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತವರು. ಕದಿರ ರೆಮ್ಮವ್ವೆ ನೂಲು ತೆಗೆದವಳು. ಸೂಜಿಕಾಯಕದ ರಾಮಿತಂದೆ ಹೊಲಿದವನು. ಮಡಿವಾಳ ಮಾಚಿದೇವರು ಉಟ್ಟ ವಸ್ತ್ರವನ್ನು ಮಡಿ ಮಾಡಿದವರು. ನೂಲಿನಿಂದ ಮಡಿಯವರೆಗೆ ವಸ್ತ್ರದ ಬಾಳಿನ ಪ್ರತಿಯೊಂದು ಘಟ್ಟದಲ್ಲಿಯೂ ಒಬ್ಬ ಶರಣ ನಿಂತಿದ್ದಾನೆ. ಇವರೆಲ್ಲರೂ ವಚನಕಾರರೂ ಆಗಿದ್ದರೆಂಬುದನ್ನು ನಾವು ಮರೆಯಲಾಗದು. ರೆಮ್ಮವ್ವೆಗೆ ತಾನು ತಿರುಗಿಸುವ ರಾಟೆಯೇ ತತ್ತ್ವಚಿಂತನೆಯ ಸಾಮಗ್ರಿಯಾಯಿತು. ಕೈ ಮಾಡುವ ಕೆಲಸವನ್ನು ಬುದ್ಧಿ ಅರಿತಿರಬೇಕು, ಬುದ್ಧಿ ಅರಿತದ್ದನ್ನು ಕೈ ನಡೆಸಬೇಕು. ಇವೆರಡೂ ಅಗಲಿದರೆ ಉಳಿಯುವುದು ಬರಿಯ ದುಡಿಮೆ, ಅದು ಕಾಯಕವೆನಿಸದು.

ಈ ಮಾತನ್ನು ಇಂದು ನೆನೆಯುವುದಕ್ಕೆ ಕಾರಣವಿದೆ. ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಬಾಗಲಕೋಟೆ, ಗದಗ, ಧಾರವಾಡ, ಕಲಬುರಗಿ ಕಡೆಗಳಿಂದ ಬಂದು ನೆಲೆಸಿದ ಸಮಾಜದ ಮನೆತನಗಳು ಅನೇಕ. ಆ ಮನೆಗಳ ಟ್ರಂಕಿನಲ್ಲಿ ಅಜ್ಜಿಯ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಬಸ, ಹಳೆಯ ಸೀರೆಗಳಿಂದ ಹೊಲಿದ ಕೌದಿ ಇಂದಿಗೂ ಭದ್ರವಾಗಿರುತ್ತವೆ. ಆದರೆ ಅದೇ ಮನೆಯ ಮಗಳು ಪಿ.ಯು.ಸಿ. ಮುಗಿಸಿ, "ನಾನು ವಸ್ತ್ರವಿನ್ಯಾಸ ಓದುತ್ತೇನೆ" ಎಂದಾಗ ಮನೆಮಂದಿಯೆಲ್ಲ ತಳಮಳಗೊಳ್ಳುತ್ತಾರೆ. ಪೀಣ್ಯದ ಭಕ್ತರೊಬ್ಬರ ಮನೆಯಲ್ಲಿ ತಾಯಿಯೊಬ್ಬರು ನಮ್ಮನ್ನು ಕೇಳಿದ್ದು ಇಷ್ಟೆ: "ಅರಿವಿ ಮ್ಯಾಲೆ ಹೂ ಬಿಡಸೂದೂ ಒಂದು ಓದೇನ್ರಿ, ಅಜ್ಜಾರ?" ಆ ತಾಯಿಯ ಪ್ರಶ್ನೆ ಅನೇಕ ಪಾಲಕರ ಪ್ರಶ್ನೆಯೂ ಹೌದು. ಆದ್ದರಿಂದ ಅದಕ್ಕೆ ಸಾವಧಾನವಾಗಿ ಉತ್ತರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ವಿನ್ಯಾಸಕ್ಕೂ ವ್ಯಾಕರಣವುಂಟು

ಚಿತ್ರ ಬರೆಯುವುದು ಹುಟ್ಟುಗುಣ, ಅದನ್ನು ಕಲಿಸಲಾಗದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಿನ್ಯಾಸದ ಮಟ್ಟಿಗೆ ಇದು ಸರಿಯಲ್ಲ. 1919ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ಬೌಹೌಸ್ ಎಂಬ ಶಾಲೆ ಆರಂಭವಾಯಿತು. ಮರಗೆಲಸ, ಲೋಹಗೆಲಸ, ನೇಯ್ಗೆ, ಯಾವುದನ್ನು ಕಲಿಯಬಂದವರೂ ಮೊದಲು ಒಂದು ಪ್ರಾರಂಭಿಕ ಶಿಕ್ಷಣವನ್ನು ಮುಗಿಸಬೇಕೆಂಬ ಕ್ರಮವನ್ನು ಜೋಹಾನ್ಸ್ ಇಟನ್ ಎಂಬ ಶಿಕ್ಷಕರು ಅಲ್ಲಿ ರೂಪಿಸಿದರು. ಆ ಶಾಲೆಯ ನೇಯ್ಗೆಯ ವಿಭಾಗದಿಂದ ಗುಂಟಾ ಸ್ಟೋಲ್ಜ್, ಆನಿ ಆಲ್ಬರ್ಸ್‌ರಂತಹ ಮಹಿಳೆಯರು ಜಗತ್ಪ್ರಸಿದ್ಧರಾದರು. 1933ರಲ್ಲಿ ಬೌಹೌಸ್ ಮುಚ್ಚಿಹೋದರೂ ಆ ಪ್ರಾರಂಭಿಕ ಶಿಕ್ಷಣದ ಕ್ರಮ ಜಗತ್ತಿನ ವಿನ್ಯಾಸಶಾಲೆಗಳಲ್ಲೆಲ್ಲ ಹಬ್ಬಿತು. ನಮ್ಮ ದೇಶದ ವಿನ್ಯಾಸ ಸಂಸ್ಥೆಗಳೂ ಮೊದಲು ಕಲಿಸುವುದು ಈ ಮೂಲಪಾಠಗಳನ್ನೇ.

ಆ ಪಾಠ ಯಾವುದು? ಭಾಷೆಗೆ ಅಕ್ಷರಗಳಿರುವಂತೆ ವಿನ್ಯಾಸಕ್ಕೆ ಚುಕ್ಕಿ, ಗೆರೆ, ಆಕಾರ, ಬಣ್ಣ, ಬರಿದಾಗಿ ಬಿಟ್ಟ ಜಾಗ, ಮುಟ್ಟಿದರೆ ತಿಳಿಯುವ ನಯ-ಒರಟು ಇವು ಅಕ್ಷರಗಳು. ಭಾಷೆಗೆ ಸಂಧಿ-ಸಮಾಸಗಳಿರುವಂತೆ ವಿನ್ಯಾಸಕ್ಕೆ ಪ್ರಮಾಣ, ಸಮತೋಲ, ಲಯ, ಪುನರಾವರ್ತನೆ, ಏಕತೆ ಇವು ನಿಯಮಗಳು. ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಎಳೆಯುವ ನಮ್ಮ ತಾಯಂದಿರು ಇವನ್ನು ಹೆಸರಿಲ್ಲದೆಯೇ ಬಲ್ಲರು. ಹಣೆಯ ಮೇಲಿನ ವಿಭೂತಿಯ ಮೂರು ಗೆರೆಗಳು ಒಪ್ಪವಾಗಿ ಕಾಣುವುದೂ ಗೆರೆಯ ದಪ್ಪಕ್ಕೂ ನಡುವಿನ ಬರಿದು ಜಾಗಕ್ಕೂ ಇರುವ ಪ್ರಮಾಣದಿಂದಲೇ.

ವಸ್ತ್ರದಲ್ಲಿ ಈ ನಿಯಮಗಳಿಗೆ ವಿಶೇಷ ಬಿಗಿಯಿದೆ. ಚಿತ್ರಪಟಕ್ಕೆ ನಾಲ್ಕು ಅಂಚುಗಳುಂಟು. ಬಟ್ಟೆಯ ತಾನು ಹರಿಯುತ್ತಲೇ ಇರುತ್ತದೆ. ಒಂದು ಹೂವಿನ ಬುಟ್ಟಾವನ್ನು ನೇರ ಸಾಲುಗಳಲ್ಲಿ ಒಂದರ ಕೆಳಗೊಂದು ಅಚ್ಚೊತ್ತಿದರೆ, ದೂರದಿಂದ ನೋಡುವವರಿಗೆ ಹೂವಿನ ಬದಲು ಉದ್ದನೆಯ ಪಟ್ಟೆಗಳು ಕಾಣತೊಡಗುತ್ತವೆ. ಗೋಡೆಯ ಇಟ್ಟಿಗೆಗಳಂತೆ ಎರಡನೆಯ ಸಾಲನ್ನು ಅರ್ಧಕ್ಕೆ ಸರಿಸಿದರೆ ಆ ಪಟ್ಟೆ ಮರೆಯಾಗಿ ಹೂವುಗಳು ಬಟ್ಟೆಯ ತುಂಬ ಹರಡಿದಂತೆ ತೋರುತ್ತವೆ. ಹೂ ಅದೇ, ಬಣ್ಣ ಅದೇ. ಇಟ್ಟ ಕ್ರಮ ಮಾತ್ರ ಬೇರೆ. ಇಂತಹದನ್ನು ಮೊದಲೇ ಊಹಿಸಿ ಲೆಕ್ಕ ಹಾಕುವ ಶಕ್ತಿಯೇ ವಿನ್ಯಾಸದ ಓದು.

ನೆರೆಯ ಬಣ್ಣದ ಮಹಿಮೆ

ಬಣ್ಣದ ವಿಷಯದಲ್ಲಿ ಒಂದು ಐತಿಹಾಸಿಕ ಪ್ರಸಂಗ ಬೋಧಪ್ರದವಾಗಿದೆ. ಪ್ಯಾರಿಸ್ಸಿನ ಗೊಬೆಲಾಂ ಎಂಬ ಪ್ರಸಿದ್ಧ ನೇಯ್ಗೆಯ ಕಾರ್ಖಾನೆಯಲ್ಲಿ 1824ರಲ್ಲಿ ಮಿಶೆಲ್ ಷೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞರು ಬಣ್ಣಗಾರಿಕೆಯ ಮುಖ್ಯಸ್ಥರಾದರು. ಕಪ್ಪು ನೂಲು ಕಳೆಗುಂದಿದೆ, ಬಣ್ಣವೇ ಸರಿಯಿಲ್ಲ ಎಂಬ ದೂರು ಅವರ ಮುಂದೆ ಬಂದಿತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ಕಪ್ಪಿನ ಪಕ್ಕದಲ್ಲಿ ನೀಲಿ, ನೇರಳೆ ನೂಲುಗಳಿದ್ದುದರಿಂದ ಕಣ್ಣಿಗೆ ಕಪ್ಪು ಪೇಲವವಾಗಿ ತೋರುತ್ತಿತ್ತು. ಬಣ್ಣವೊಂದು ತನ್ನ ನೆರೆಯ ಬಣ್ಣದಿಂದ ಬದಲಾಗಿ ಕಾಣುತ್ತದೆಂಬ ಈ ನಿಯಮವನ್ನು ಅವರು ವಿಸ್ತರಿಸಿ 1839ರಲ್ಲಿ ಗ್ರಂಥವಾಗಿ ಪ್ರಕಟಿಸಿದರು.

ಹಸಿರು ಒಡಲಿಗೆ ಕೆಂಪು ಸೆರಗು ಕೂಡಿಸಿದ ಇಳಕಲ್ ನೇಕಾರ ಈ ಗ್ರಂಥವನ್ನು ಓದಿದವನಲ್ಲ. ಆದರೆ ಹಸಿರಿನ ಎದುರಿನಲ್ಲಿ ಕೆಂಪು ಉರಿಯುವುದೆಂದು ಅವನ ಕಣ್ಣು ಬಲ್ಲುದು. ಸತ್ಸಂಗದಿಂದ ಮನುಷ್ಯನ ಗುಣ ಮಾರ್ಪಡುವುದೆಂದು ನಾವು ಹೇಳುತ್ತೇವಷ್ಟೆ. ಬಣ್ಣಕ್ಕೂ ಆ ಮಾತು ಸಲ್ಲುತ್ತದೆ.

ಟ್ರಂಕಿನಲ್ಲಿರುವ ಪಠ್ಯಪುಸ್ತಕ

ಈ ವಿದ್ಯೆಯನ್ನು ಕಲಿಯುವ ನಮ್ಮ ಮಕ್ಕಳಿಗೆ ಮನೆಯ ಟ್ರಂಕೇ ಮೊದಲನೆಯ ಪಠ್ಯಪುಸ್ತಕ. ಕಸೂತಿಯನ್ನು ನೋಡಿರಿ. ಧಾರವಾಡ ಸೀಮೆಯ ಈ ಹೊಲಿಗೆಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು-ಹೊಕ್ಕಿನ ಎಳೆಗಳನ್ನು ಎಣಿಸಿ ಸೂಜಿ ನಡೆಸಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾರೆಯಾಗುತ್ತದೆ. ಇದರಲ್ಲಿ ನಾಲ್ಕು ಬಗೆಯ ಹೊಲಿಗೆಗಳುಂಟು: ಗವಂತಿ, ಮುರಗಿ, ನೇಗಿ ಮತ್ತು ಮೆಂತೆ. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಸಾಗಿ, ಬಂದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಜಾಗಗಳನ್ನು ತುಂಬುತ್ತದೆ. ಮುರಗಿ ಮೆಟ್ಟಿಲಿನಂತೆ ಓರೆಕೋರೆಯಾಗಿ ಏರುತ್ತದೆ. ಈ ಎರಡರಲ್ಲಿಯೂ ಬಟ್ಟೆಯ ಒಳಮೈ ಹೊರಮೈ ಒಂದೇ ತೆರನಾಗಿರುತ್ತವೆ. ನೇಗಿ ಹೆಸರಿಗೆ ತಕ್ಕಂತೆ ನೇಯ್ದ ಹಾಗೆ ಕಾಣುತ್ತದೆ. ಮೆಂತೆಯದು ಕತ್ತರಿ ಹೊಲಿಗೆ. ತೇರು, ಗೋಪುರ, ನಂದಿ, ಅಂಬಾರಿ ಹೊತ್ತ ಆನೆ, ನವಿಲು ಇವೆಲ್ಲ ಈ ನಾಲ್ಕೇ ಹೊಲಿಗೆಗಳಿಂದ ಮೂಡುತ್ತವೆ. ಮಿತವಾದ ಸಾಮಗ್ರಿಯಿಂದ ಅಮಿತವಾದ ರೂಪವನ್ನು ಪಡೆಯುವುದು ವಿನ್ಯಾಸದ ಪರಮಗುರಿ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆದುದರಿಂದ ಹತ್ತಿಯ ಒಡಲಿಗೆ ರೇಷ್ಮೆಯ ಕೆಂಪು ಸೆರಗು ಕೂಡುವುದು ಸಾಧ್ಯವಾಯಿತು. ಸೆರಗಿನ ಬಿಳಿಯ ಮಾದರಿಗಳಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಗುಡ್ಡದ ಸಾಲು ಇವನ್ನು ಗುರುತಿಸಬಹುದು. ಕಂಡದ್ದನ್ನೆಲ್ಲ ಹಾಗೆಯೇ ಇಳಿಸದೆ, ಅದರ ಸಾರವನ್ನು ಮಾತ್ರ ಆಯ್ದು ಮೂರು ಗೆರೆಗಳಲ್ಲಿ ಹೇಳಿದ ವಿವೇಕ ಇಲ್ಲಿದೆ. ಕೌದಿಯ ಪಾಠ ಇನ್ನೊಂದು. ಬಣ್ಣಬಣ್ಣದ, ಅಳತೆ ಕೂಡದ ಚಿಂದಿಗಳನ್ನು ಒಂದು ಚೌಕಟ್ಟಿನೊಳಗೆ ಸಮತೋಲದಿಂದ ಇರಿಸುವುದು ವಿನ್ಯಾಸಶಾಲೆಯ ಮೊದಲ ವರ್ಷದ ಅಭ್ಯಾಸವನ್ನೇ ಹೋಲುತ್ತದೆ.

ಪೀಣ್ಯದ ಹೊಲಿಗೆಯ ಸಾಲಿನಲ್ಲಿ

ಇನ್ನು ವಿಷಯದ ಮರ್ಮಕ್ಕೆ ಬರೋಣ. ಪೀಣ್ಯದಲ್ಲಿಯೂ ಹೊಸೂರು ರಸ್ತೆಯ ಬೊಮ್ಮನಹಳ್ಳಿ, ಬೊಮ್ಮಸಂದ್ರಗಳಲ್ಲಿಯೂ ಸಿದ್ಧ ಉಡುಪಿನ ಕಾರ್ಖಾನೆಗಳು ಹಲವು. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಒಬ್ಬಳು ದಿನವಿಡೀ ಕಾಲರ್ ಹೊಲಿಯುತ್ತಾಳೆ, ಇನ್ನೊಬ್ಬಳು ತೋಳು ಕೂಡಿಸುತ್ತಾಳೆ, ಮತ್ತೊಬ್ಬಳು ಗುಂಡಿ ಹಾಕುತ್ತಾಳೆ. ಗಂಟೆಗೆ ಇಷ್ಟೆಂದು ಟಾರ್ಗೆಟ್ ಇರುತ್ತದೆ. ರಫ್ತಿನ ಉಡುಪಿಗೆ ಅಳತೆ, ಬಣ್ಣ, ಮಾದರಿಗಳು ಹೆಚ್ಚಾಗಿ ಹೊರದೇಶದ ಖರೀದಿದಾರರಿಂದ ಬರುತ್ತವೆ. ಇಡೀ ಉಡುಪು ಏಕೆ ಹೀಗಿದೆ ಎಂದು ಕೇಳುವ ಅಧಿಕಾರವಾಗಲಿ ಅರಿಯುವ ಅವಕಾಶವಾಗಲಿ ಹೊಲಿಯುವವಳಿಗೆ ಇಲ್ಲ. ಕೈ ಇಲ್ಲಿದೆ, ಬುದ್ಧಿ ಎಲ್ಲಿಯೋ ಇದೆ. ನಾವು ಮೊದಲಿಗೆ ಹೇಳಿದ ಅಗಲಿಕೆ ಇದೇ.

ಆದರೆ ಅದೇ ಕಾರ್ಖಾನೆಯ ಒಳಗೆ ಸ್ಯಾಂಪಲ್ ವಿಭಾಗವೊಂದಿರುತ್ತದೆ. ಅಲ್ಲಿ ಇಡೀ ಉಡುಪನ್ನು ಒಬ್ಬರೇ ಹೊಲಿಯುವ ಸ್ಯಾಂಪಲ್ ಟೈಲರ್, ಕಾಗದದ ಮೇಲೆ ಭಾಗಗಳನ್ನು ಕತ್ತರಿಸುವ ಪ್ಯಾಟರ್ನ್ ಮಾಸ್ಟರ್ ಇರುತ್ತಾರೆ. ಪ್ರಮಾಣವನ್ನೂ ಬಟ್ಟೆಯ ಗುಣವನ್ನೂ ಬಲ್ಲವರಿಗೆ ಆ ಸ್ಥಾನ. ಹೊಲಿಗೆಯ ಸಾಲಿನಿಂದ ಅಲ್ಲಿಗೆ ಇರುವ ಮೆಟ್ಟಿಲು ವಿನ್ಯಾಸದ ಮೂಲಜ್ಞಾನವೇ. ಆದ್ದರಿಂದ ಈ ವಿದ್ಯೆ ಸಿರಿವಂತರ ಮಕ್ಕಳ ವಿನೋದವಲ್ಲ. ದುಡಿಯುವ ಹೆಣ್ಣುಮಗಳಿಗೆ ಅದು ಸಂಬಳದ ಪ್ರಶ್ನೆ, ಗೌರವದ ಪ್ರಶ್ನೆ.

ನೇಕಾರರ ಸಂಕಟವೂ ಇದರ ಇನ್ನೊಂದು ಮುಖ. ಇಳಕಲ್ ಸೀರೆ, ಕಸೂತಿ, ನವಲಗುಂದದ ಜಮಖಾನೆಗಳಿಗೆ 1999ರ ಕಾಯಿದೆಯಂತೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಇದು ಹೆಸರನ್ನು ಕಾಯುತ್ತದೆ. ಆದರೆ ಹೊಸ ಕಾಲದ ಮನೆಗೆ, ಹೊಸ ಉಡುಗೆಗೆ ಹಳೆಯ ಮಾದರಿಯನ್ನು ಹೇಗೆ ಹೊಂದಿಸಬೇಕೆಂಬುದನ್ನು ಕಾಯಿದೆ ಕಲಿಸಲಾರದು. ಅದನ್ನು ಬಲ್ಲವರು ನೇಕಾರರ ಮನೆಯಿಂದಲೇ ಬಾರದಿದ್ದರೆ, ನೇಕಾರನು ತನ್ನದೇ ಕಲೆಗೆ ಕೂಲಿಯಾಳಾಗಿ ನಿಲ್ಲಬೇಕಾಗುತ್ತದೆ.

ಮಗ್ಗದಿಂದ ಗಣಕಯಂತ್ರಕ್ಕೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ತಂತ್ರಜ್ಞ ಬಂಧುಗಳು ಈ ಓದನ್ನು ಕೀಳಾಗಿ ಕಾಣುವ ಮೊದಲು ತಮ್ಮ ವಿದ್ಯೆಯ ಮೂಲವನ್ನು ನೆನೆಯಬೇಕು. ಸುಮಾರು 1804ರಲ್ಲಿ ಫ್ರಾನ್ಸಿನ ಜೋಸೆಫ್ ಜಕಾರ್ಡ್ ರಂಧ್ರ ಕೊರೆದ ರಟ್ಟುಗಳಿಂದ ಮಗ್ಗದ ಎಳೆಗಳನ್ನು ನಡೆಸುವ ಯಂತ್ರವನ್ನು ರೂಪಿಸಿದನು. ರಂಧ್ರವಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಆ ರಟ್ಟುಗಳ ತತ್ತ್ವವನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಕಲ್ಪನೆಗೆ ತೆಗೆದುಕೊಂಡನು. ಸುಮಾರು 24,000 ರಟ್ಟುಗಳಿಂದ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದು ಬ್ಯಾಬೇಜನ ಬಳಿ ಇದ್ದಿತು. ಹೀಗೆ ಗಣಕಯಂತ್ರದ ವಂಶಾವಳಿಯಲ್ಲಿ ಮಗ್ಗಕ್ಕೆ ಹಿರಿಯರ ಸ್ಥಾನವಿದೆ. ಇಂದು ಯಂತ್ರವು ಕ್ಷಣದಲ್ಲಿ ನೂರು ಮಾದರಿಗಳನ್ನು ಬಿಡಿಸಿಕೊಡಬಹುದು. ಆ ನೂರರಲ್ಲಿ ಯೋಗ್ಯವಾದ ಒಂದನ್ನು ಆಯುವುದಕ್ಕೆ ಪಳಗಿದ ಕಣ್ಣೇ ಬೇಕು.

ಎಲ್ಲಿ, ಹೇಗೆ ಕಲಿಯಬೇಕು?

1958ರಲ್ಲಿ ಅಮೆರಿಕದ ಈಮ್ಸ್ ದಂಪತಿಗಳು ಭಾರತ ಸರ್ಕಾರಕ್ಕೆ ಒಂದು ವರದಿ ಸಲ್ಲಿಸಿದರು. ಅದರಲ್ಲಿ ಅವರು ಉತ್ತಮ ವಿನ್ಯಾಸಕ್ಕೆ ನಿದರ್ಶನವಾಗಿ ಆರಿಸಿದ್ದು ನಮ್ಮ ಮನೆಮನೆಯ ತಂಬಿಗೆಯನ್ನು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ವಸ್ತ್ರವಿನ್ಯಾಸ ಅಲ್ಲಿಯ ಮುಖ್ಯ ವಿಷಯಗಳಲ್ಲಿ ಒಂದು. ಬೆಂಗಳೂರಿನಲ್ಲಿ 1997ರಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಡೆಯುತ್ತಿದೆ. ಎಚ್.ಎಸ್.ಆರ್. ಬಡಾವಣೆಯಲ್ಲಿರುವ ಈ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯ ಕಡೆಯವರಿಗೆ ದೂರವೇನಲ್ಲ. ಅಲ್ಲಿ ವಸ್ತ್ರವಿನ್ಯಾಸದ ಪದವಿ ನಾಲ್ಕು ವರ್ಷದ್ದು; ಪ್ರವೇಶ ಪರೀಕ್ಷೆ ಉಂಟು. ನೂಲು, ಯಂತ್ರ, ಬಣ್ಣಗಾರಿಕೆಯ ತಾಂತ್ರಿಕ ಓದಿಗೆ 1938ರಲ್ಲಿ ಆರಂಭವಾದ ಶ್ರೀ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆ ನಗರದಲ್ಲಿಯೇ ಇದೆ. ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಐ.ಟಿ.ಐ.ಗಳಲ್ಲಿ ಉಡುಪು ವಿನ್ಯಾಸದ ಒಂದು ವರ್ಷದ ತರಬೇತಿಯೂ ಉಂಟು.

ಪಾಲಕರಿಗೆ ಒಂದು ಎಚ್ಚರಿಕೆ ಹೇಳಬೇಕಾಗಿದೆ. ಅಂದವಾದ ಫಲಕ ನೋಡಿ ಲಕ್ಷಗಟ್ಟಲೆ ಶುಲ್ಕ ಕಟ್ಟಬೇಡಿರಿ. ಪದವಿಗೆ ಮಾನ್ಯತೆ ಇದೆಯೇ, ಮಗ್ಗಗಳೂ ಬಣ್ಣದ ಕೋಣೆಯೂ ಇವೆಯೇ, ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಎಲ್ಲಿ ದುಡಿಯುತ್ತಿದ್ದಾರೆ ಎಂದು ಸ್ವತಃ ಹೋಗಿ ವಿಚಾರಿಸಿರಿ. ಮಗ್ಗವಿಲ್ಲದ ಶಾಲೆಯಲ್ಲಿ ವಸ್ತ್ರವಿನ್ಯಾಸ ಕಲಿಯುವುದು ನೀರಿಲ್ಲದೆ ಈಜು ಕಲಿತಂತೆ.

ಮಕ್ಕಳ ಒಲವನ್ನು ಅರಿಯಲು ಮನೆಯಲ್ಲಿಯೇ ಒಂದೆರಡು ಅಭ್ಯಾಸಗಳನ್ನು ಮಾಡಿಸಬಹುದು. ಕರಿಯ ಕಾಗದದಲ್ಲಿ ನಾಲ್ಕು ಚೌಕಗಳನ್ನು ಕತ್ತರಿಸಿ, ಬಿಳಿಯ ಹಾಳೆಯ ಮೇಲೆ ಒಮ್ಮೆ ಶಾಂತವಾಗಿ ಕಾಣುವಂತೆ, ಒಮ್ಮೆ ಓಡುವಂತೆ, ಒಮ್ಮೆ ಬೀಳುವಂತೆ ಜೋಡಿಸಲು ಹೇಳಿರಿ. ಒಂದೇ ಕೆಂಪು ದಾರವನ್ನು ಹಸಿರು, ಹಳದಿ, ಕಪ್ಪು, ಕಿತ್ತಳೆ ಬಟ್ಟೆಗಳ ಮೇಲಿಟ್ಟು ಕಂಡ ಭೇದವನ್ನು ಬರೆಯಿಸಿರಿ. ಅಜ್ಜಿಯ ಸೀರೆಯ ಒಂದು ಗೇಣು ದಡಿಯನ್ನು ಗ್ರಾಫ್ ಕಾಗದಕ್ಕೆ ಎಳೆ ಎಣಿಸಿ ಇಳಿಸಲು ಹೇಳಿರಿ. ಮಗು ಬೇಸರಿಸದೆ ಮರುದಿನವೂ ಅದನ್ನೇ ಹಿಡಿದು ಕುಳಿತರೆ, ಆ ದಾರಿಗೆ ಅಡ್ಡ ನಿಲ್ಲಬೇಡಿರಿ.

ಆ ತಾಯಿಗೆ ನಾವು ಹೇಳುವ ಉತ್ತರ ಇದು: ತಾಯೀ, ಅರಿವೆಯ ಮೇಲೆ ಹೂ ಬಿಡಿಸುವುದು ಓದು ಹೌದು. ಅದರಲ್ಲಿ ಗಣಿತವಿದೆ, ರಸಾಯನಶಾಸ್ತ್ರವಿದೆ, ನಮ್ಮ ಹಿರಿಯರ ನೆನಪಿದೆ, ದುಡಿಯುವವರ ಅನ್ನವಿದೆ. ಕಾಯಕಕ್ಕೆ ಕೈಲಾಸದ ಸ್ಥಾನವಿತ್ತ ಪರಂಪರೆಯವರು ನಾವು; ನಮ್ಮ ಮನೆಯ ಮಗಳು ಸೂಜಿಯನ್ನೂ ಅರಿವನ್ನೂ ಒಟ್ಟಿಗೆ ಹಿಡಿಯುತ್ತೇನೆಂದರೆ ಅವಳನ್ನು ಹರಸಿ ಕಳುಹಿಸುವುದೇ ಧರ್ಮ.