ಕಚ್ಚಿದ ಬೋಲ್ಟ್ ಹೋಗಲಿ, ಕಾರಿನ ಭಾಗ ಉಳಿಯಲಿ

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಮುಂಭಾಗದ ಸಸ್ಪೆನ್ಷನ್: ಬಿಚ್ಚುವ ಕ್ರಮ ಮತ್ತು ಅದರ ಲೆಕ್ಕಾಚಾರ

ಹಳೆಯ ಕಾರುಗಳ ದುರಸ್ತಿಯಲ್ಲಿ ಗ್ಯಾರೇಜಿಗೆ ನಷ್ಟ ತರುವುದು ಹೆಚ್ಚಾಗಿ ಬಿಚ್ಚುವ ಕೆಲಸವೇ. ಅರ್ಧ ಗಂಟೆಯ ಕೂಲಿಗೆ ಒಪ್ಪಿಕೊಂಡ ಒಂದು ಬೋಲ್ಟ್ ಎರಡು ದಿನ ಕಾಡುತ್ತದೆ. ಸಹನೆಗೆಟ್ಟು ಸುತ್ತಿಗೆ ಎತ್ತಿದರೆ, ಬೋಲ್ಟಿನೊಡನೆ ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಭಾಗವೂ ಹಾಳಾಗುತ್ತದೆ. ಇದಕ್ಕೆ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಮುಂಭಾಗದ ಸಸ್ಪೆನ್ಷನ್‌ಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

ಇಂಗ್ಲೆಂಡಿನ ಕೊವೆಂಟ್ರಿಯ ಸ್ಟ್ಯಾಂಡರ್ಡ್–ಟ್ರಯಂಫ್ ಸಂಸ್ಥೆ 1959ರಲ್ಲಿ ಹೊರತಂದ ಟ್ರಯಂಫ್ ಹೆರಾಲ್ಡ್, 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಯಿತು. ಬ್ರಿಟನ್ನಿನಲ್ಲಿ ತಯಾರಾಗದ ನಾಲ್ಕು ಬಾಗಿಲಿನ ಹೆರಾಲ್ಡ್ ಮದರಾಸಿನ ಕಾರ್ಖಾನೆಯಿಂದ ಹೊರಬಂದಿತು. ಕೇಂದ್ರ ಸರ್ಕಾರವು 2021ರಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ರೂಪಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿರಬೇಕು ಹಾಗೂ ವಾಹನವು ಮೂಲ ಸ್ವರೂಪದಲ್ಲಿ ಉಳಿದಿರಬೇಕು ಎಂಬುದು ಅದರ ಷರತ್ತು. ಮೂಲ ಭಾಗಗಳನ್ನು ಉಳಿಸಿಕೊಡಬಲ್ಲ ಗ್ಯಾರೇಜಿಗೆ ಇದರಿಂದ ಬೆಲೆ ಬಂದಿದೆ.

ಕಚ್ಚಿಕೊಳ್ಳಲು ಕಾರಣ

ಹೆರಾಲ್ಡ್‌ನ ಪ್ರತಿ ಮುಂಚಕ್ರವೂ ವರ್ಟಿಕಲ್ ಲಿಂಕ್ ಎಂಬ ಉಕ್ಕಿನ ಕಂಬಕ್ಕೆ ಜೋಡಣೆಗೊಂಡಿದೆ. ಕಂಬದ ಮೇಲ್ತುದಿಯಲ್ಲಿ ಬಾಲ್ ಜಾಯಿಂಟ್ ಇದೆ. ಕೆಳತುದಿಯ ತಿರುಪು, ಟ್ರನಿಯನ್ ಎಂಬ ತಾಮ್ರಮಿಶ್ರಿತ ಲೋಹದ ಬಟ್ಟಲಿನೊಳಗೆ ಕೂರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಕಂಬವು ಈ ತಿರುಪಿನಲ್ಲಿಯೇ ಸುತ್ತುತ್ತದೆ. ಸ್ಪ್ರಿಂಗ್ ಕೆಳಗಿನ ವಿಶ್‌ಬೋನಿನ ಮೇಲೆ ನಿಂತಿರುವುದರಿಂದ ಕಾರಿನ ಮುಂಭಾರವೂ ಇದೇ ತಿರುಪಿನ ಮೂಲಕ ಚಕ್ರವನ್ನು ಸೇರುತ್ತದೆ.

ಈ ಬಟ್ಟಲಿಗೆ ಗೇರ್ ಆಯಿಲ್, ಅಂದರೆ ಇ.ಪಿ. 90 ದರ್ಜೆಯ ಎಣ್ಣೆ, ತುಂಬಬೇಕು. ಗ್ರೀಸ್ ತುಂಬುವುದು ಗ್ಯಾರೇಜುಗಳಲ್ಲಿ ಕಂಡುಬರುವ ಸಾಮಾನ್ಯ ತಪ್ಪು. ಗ್ರೀಸ್ ತಿರುಪಿನ ಸಂದುಗಳಿಗೆ ಹರಿಯದೆ ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ. ಸವೆದ ಸೀಲಿನ ಮೂಲಕ ಇಳಿದ ಮಳೆನೀರು ಅಲ್ಲಿಯೇ ನಿಂತು ಉಕ್ಕನ್ನು ತಿನ್ನುತ್ತದೆ. ಮೊದಲಿಗೆ ಸ್ಟಿಯರಿಂಗ್ ಬಿಗಿಯಾಗುತ್ತದೆ. ಅದನ್ನು ಅಲಕ್ಷಿಸಿದರೆ ತುಕ್ಕು ತಿಂದ ಜಾಗದಲ್ಲಿ ಕಂಬ ತುಂಡಾಗಿ, ಚಕ್ರ ಕಾರಿನ ಅಡಿಗೆ ಮಡಿಚಿಕೊಳ್ಳುತ್ತದೆ. ಚಲಿಸುವ ಕಾರಿನಲ್ಲಿ ಇದು ಜೀವಕ್ಕೇ ಅಪಾಯ.

ಇನ್ನೊಂದು ತೊಡಕು, ಟ್ರನಿಯನ್ನನ್ನು ವಿಶ್‌ಬೋನಿಗೆ ಸೇರಿಸುವ ಅಡ್ಡ ಬೋಲ್ಟಿನದು. ಈ ಬೋಲ್ಟ್ ನೈಲಾನ್ ಬುಷ್‌ಗಳ ನಡುವಿನ ಉಕ್ಕಿನ ಕೊಳವೆಯೊಳಗೆ ಹಾಯುತ್ತದೆ. ಕಬ್ಬಿಣಕ್ಕಿಂತ ಅದರ ತುಕ್ಕಿನ ಗಾತ್ರ ಹೆಚ್ಚು. ಆದ್ದರಿಂದ ಬೋಲ್ಟ್ ಮತ್ತು ಕೊಳವೆ ಕ್ರಮೇಣ ಒಂದೇ ಲೋಹದಂತೆ ಬೆಸೆದುಕೊಳ್ಳುತ್ತವೆ.

ಬಿಡಿಸುವ ಕ್ರಮ

ಮೊದಲು ಚಾಸಿಯ ಕೆಳಗೆ ಗಟ್ಟಿಯಾದ ಸ್ಟ್ಯಾಂಡ್‌ಗಳನ್ನಿಟ್ಟು ಚಕ್ರ ತೆಗೆಯಬೇಕು. ಜ್ಯಾಕ್ ಒಂದನ್ನೇ ನಂಬಬಾರದು. ತಂತಿ ಬ್ರಷ್‌ನಿಂದ ಕೆಸರು, ತುಕ್ಕು ಉಜ್ಜಿ, ಬೋಲ್ಟಿನ ಎರಡೂ ತುದಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಬೇಕು. ದಿನಕ್ಕೆರಡು ಬಾರಿಯಂತೆ ಎರಡು ಮೂರು ದಿನ ಹೀಗೆ ನೆನೆಸುವುದು ಒಳ್ಳೆಯದು. ಪ್ರತಿ ಸಲಕ್ಕೂ ಐದು ನಿಮಿಷ ಸಾಕು. ಉಳಿದ ಸಮಯದಲ್ಲಿ ಕೆಲಸಗಾರ ಬೇರೆ ಕಾರು ನೋಡಬಹುದು.

ನಂತರ ನಟ್ ಸಡಿಲಿಸಿ, ಅದನ್ನು ಬೋಲ್ಟಿನ ತುದಿಯ ಮಟ್ಟಕ್ಕೆ ಬಿಟ್ಟು ಮೆಲ್ಲನೆ ತಟ್ಟಬೇಕು. ಇದರಿಂದ ತಿರುಪು ಹಾಳಾಗದು. ಬೋಲ್ಟ್ ಸುತ್ತಿದರೂ ಹೊರಗೆ ಬಾರದಿದ್ದರೆ, ಅದು ಕೊಳವೆಯನ್ನು ಕಚ್ಚಿಕೊಂಡು ಅದರೊಡನೆಯೇ ಸುತ್ತುತ್ತಿದೆ ಎಂದು ತಿಳಿಯಬೇಕು. ಇಲ್ಲಿಂದ ಮುಂದೆ ಬಲವಾಗಿ ಬಡಿದರೆ ವಿಶ್‌ಬೋನಿನ ಕಿವಿಗಳು ಬಾಗುತ್ತವೆ, ಟ್ರನಿಯನ್ ಬಿರುಕು ಬಿಡುತ್ತದೆ.

ಈ ಹಂತದಲ್ಲಿ ಬೋಲ್ಟನ್ನು ಬಲಿಕೊಡುವುದೇ ಲಾಭದ ದಾರಿ. ಟ್ರನಿಯನ್ ಮತ್ತು ವಿಶ್‌ಬೋನಿನ ನಡುವಿನ ಸಂದಿನಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ, ಎರಡೂ ಬದಿಯಲ್ಲಿ ಬೋಲ್ಟನ್ನು ಕೊಳವೆಸಮೇತ ಕತ್ತರಿಸಬೇಕು. ಬೋಲ್ಟ್, ಕೊಳವೆ, ಬುಷ್‌ಗಳನ್ನು ಹೇಗೂ ಹೊಸದಾಗಿ ಹಾಕಲೇಬೇಕು. ದುಬಾರಿ ಭಾಗಗಳು ಇದರಿಂದ ಪೆಟ್ಟಿಲ್ಲದೆ ಉಳಿಯುತ್ತವೆ.

ಕಂಬ ಹಾಗೂ ಟ್ರನಿಯನ್ ಪರಸ್ಪರ ಕಚ್ಚಿದ್ದರೆ ಶಾಖ ನೆರವಾಗುತ್ತದೆ. ತಾಮ್ರದ ಮಿಶ್ರಲೋಹಗಳು ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತವೆ. ಆದ್ದರಿಂದ ಹೊರಗಿನ ಟ್ರನಿಯನ್ನನ್ನು ಮಾತ್ರ ಕಾಯಿಸಿದರೆ ಹಿಡಿತ ಸಡಿಲಗೊಳ್ಳುತ್ತದೆ. ಉಕ್ಕಿನ ಕಂಬವನ್ನು ಕೆಂಪಗೆ ಕಾಯಿಸಬಾರದು. ಅದರ ಬಲವೇ ಕುಂದುತ್ತದೆ. ಜೋಡಣೆಯನ್ನು ಕಾರಿನಿಂದ ಬೇರ್ಪಡಿಸಿ, ಸುರಿದ ಎಣ್ಣೆಯನ್ನು ಒರೆಸಿ, ಬ್ರೇಕ್ ಹೋಸ್ ಮತ್ತು ಡ್ಯಾಂಪರ್‌ನಿಂದ ದೂರದಲ್ಲಿ ಈ ಕೆಲಸ ಮಾಡಬೇಕು. ಎಡ ಮತ್ತು ಬಲ ಬದಿಯ ತಿರುಪುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನವು. ಇದನ್ನು ಮರೆತವರು ಬಿಚ್ಚುವ ಬದಲು ಬಿಗಿಯುತ್ತಲೇ ಹೋಗುತ್ತಾರೆ.

ಪರೀಕ್ಷೆ ಮತ್ತು ಮರುಜೋಡಣೆ

ಬಿಚ್ಚಿದ ಕಂಬದ ತಿರುಪನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು. ತುಕ್ಕಿನ ಗುಳಿ ಕಂಡರೆ ಅದನ್ನು ಬಳಸಬಾರದು, ವೆಲ್ಡ್ ಮಾಡಲೂಬಾರದು. ಬಿರುಕಿನ ಸಂಶಯವಿದ್ದರೆ ಬಣ್ಣದ ದ್ರವ ಹಚ್ಚಿ ಬಿರುಕು ಪತ್ತೆಮಾಡುವ ವಿಧಾನ ಅನುಸರಿಸಬಹುದು.

ಮರುಜೋಡಣೆಯಲ್ಲಿ ಹೊಸ ಬುಷ್, ಸೀಲ್ ಹಾಗೂ ಲಾಕ್ ನಟ್‌ಗಳು ಅವಶ್ಯ. ಹೊಸ ಬೋಲ್ಟಿಗೆ ತಾಮ್ರದ ಪುಡಿ ಬೆರೆತ ಗ್ರೀಸ್ ಸವರಿದರೆ ಮುಂದೆ ಸುಲಭವಾಗಿ ಬಿಚ್ಚಬಹುದು. ಮೂಲ ಬೋಲ್ಟುಗಳು ಇಂಚಿನ ಅಳತೆಯವು. ಹತ್ತಿರದ ಮಿಲಿಮೀಟರ್ ಅಳತೆಯ ಬೋಲ್ಟ್ ತುರುಕಬಾರದು. ಟ್ರನಿಯನ್ನನ್ನು ಪೂರ್ತಿ ತಿರುಗಿಸಿ ಕೂರಿಸಿದ ಬಳಿಕ ಸ್ವಲ್ಪ ಹಿಂದಕ್ಕೆ ಬಿಡಬೇಕು. ಇಲ್ಲವಾದರೆ ಸ್ಟಿಯರಿಂಗ್ ಪೂರ್ತಿ ತಿರುಗುವ ಮೊದಲೇ ತಿರುಪು ತಳ ಹಿಡಿಯುತ್ತದೆ. ವಿಶ್‌ಬೋನಿನ ಒಳತುದಿಯ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕಾರು ಚಕ್ರಗಳ ಮೇಲೆ ನಿಂತ ನಂತರವೇ ಬಿಗಿಯಬೇಕು.

ವ್ಯವಹಾರದ ದೃಷ್ಟಿ

ಇಂತಹ ಕೆಲಸಕ್ಕೆ ಒಂದೇ ಮೊತ್ತದ ಅಂದಾಜು ಕೊಡುವುದು ಸರಿಯಲ್ಲ. ಬೋಲ್ಟ್ ಸುಲಭವಾಗಿ ಬಂದರೆ ಇಷ್ಟು, ಕತ್ತರಿಸಬೇಕಾದರೆ ಇಷ್ಟು, ಕಂಬ ಬದಲಿಸಬೇಕಾದರೆ ಇಷ್ಟು ಎಂದು ಮೂರು ಹಂತಗಳಲ್ಲಿ ಲಿಖಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ತೆಗೆದ ಭಾಗಗಳನ್ನು ಗ್ರಾಹಕರಿಗೆ ತೋರಿಸಿದರೆ ಬಿಲ್ಲಿನ ಬಗ್ಗೆ ತಕರಾರು ಏಳುವುದು ಕಡಿಮೆ.

ಬೋಲ್ಟಿನ ಕೊಳವೆ, ಬುಷ್, ಸೀಲ್‌ಗಳನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸುವುದು ಲೇತ್ ಇರುವ ಸಣ್ಣ ಘಟಕಗಳಿಗೆ ನಿಲುಕುವ ಕೆಲಸ. ಆದರೆ ಟ್ರನಿಯನ್ ಮತ್ತು ಕಂಬ ಜೀವರಕ್ಷಣೆಗೆ ಸಂಬಂಧಿಸಿದ ಭಾಗಗಳು. ಸರಿಯಾದ ಲೋಹ, ತಿರುಪಿನ ನಿಖರ ಅಳತೆ, ಪ್ರತಿ ತಂಡದ ಗುರುತು ಮತ್ತು ಪರೀಕ್ಷಾ ದಾಖಲೆ ಇಲ್ಲದೆ ಇವುಗಳ ತಯಾರಿಕೆಗೆ ಕೈಹಾಕಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷಯುಕ್ತ ಸರಕಿನಿಂದಾದ ಹಾನಿಗೆ ತಯಾರಕರಷ್ಟೇ ಅಲ್ಲದೆ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರರೂ ಹೊಣೆಯಾಗುತ್ತಾರೆ.

ಕಾಲಕಾಲಕ್ಕೆ ಹಾಕಬೇಕಿದ್ದ ಒಂದಿಷ್ಟು ಗೇರ್ ಆಯಿಲ್ ಉಳಿಸಿದ್ದರ ಬಡ್ಡಿಯೇ ಕಚ್ಚಿಕೊಂಡ ಸಸ್ಪೆನ್ಷನ್. ದುರಸ್ತಿ ಮುಗಿಸಿ ಕಾರು ಒಪ್ಪಿಸುವಾಗ, ಪ್ರತಿ ಮಳೆಗಾಲಕ್ಕೆ ಮುನ್ನ ಎಣ್ಣೆ ತುಂಬಿಸಿಕೊಳ್ಳುವಂತೆ ಬಿಲ್ಲಿನಲ್ಲೇ ಒಂದು ಸಾಲು ಬರೆದುಕೊಡುವುದು ಉತ್ತಮ. ಗ್ರಾಹಕರಿಗೆ ಅದು ಸುರಕ್ಷತೆ, ಗ್ಯಾರೇಜಿಗೆ ವರ್ಷವರ್ಷವೂ ಬರುವ ಕೆಲಸ.